ಮಸುಕು ಗೆರೆಯ ಪರವಾಗಿ ಒಂದು ಬಹಿರಂಗ ಪತ್ರ

ಚಿನ್ನದ ನ್ಯಾನೋಕಣಗಳಿಂದ ರೋಗಪತ್ತೆ ಸಾಧನ ಮಾಡಹೊರಟಿರುವ ತರುಣ ಸಂಶೋಧಕರೇ,



ಕುದಿಯುವ ಕ್ಲೋರೋಆರಿಕ್ ಆಮ್ಲಕ್ಕೆ ಸೋಡಿಯಂ ಸಿಟ್ರೇಟ್ ಸುರಿದಾಗ ತಿಳಿಹಳದಿ ಮಾಯವಾಗಿ, ಕಪ್ಪು ಛಾಯೆ ಹಾಯ್ದು, ಕೊನೆಗೆ ದಾಳಿಂಬೆ ಕೆಂಪು ಮೂಡುವುದನ್ನು ನೀವು ನೋಡಿಯೇ ಇರುತ್ತೀರಿ. ಟರ್ಕೆವಿಚ್ 1951ರಲ್ಲಿ ವಿವರಿಸಿದ ವಿಧಾನ ಅದು. ಅದಕ್ಕೂ ಬಹಳ ಮೊದಲು, 1857ರಲ್ಲೇ, ಫ್ಯಾರಡೆ ಇಂಥ ಕೆಂಪು ದ್ರವದಲ್ಲಿರುವುದು ಅತಿ ಸಣ್ಣ ಚಿನ್ನದ ಕಣಗಳೇ ಎಂದು ಗುರುತಿಸಿದ್ದರು.

ಬೆಳಕು ತಾಗಿದೊಡನೆ ಕಣದ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡುತ್ತವೆ. 20 ನ್ಯಾನೋಮೀಟರಿನ ಕಣ ಸುಮಾರು 520 ನ್ಯಾನೋಮೀಟರಿನ ಹಸಿರು ಬೆಳಕನ್ನು ನುಂಗುತ್ತದೆ, ಉಳಿದದ್ದು ನಮಗೆ ಕೆಂಪಾಗಿ ಕಾಣುತ್ತದೆ. ಕಣಗಳು ಒತ್ತೊತ್ತಾಗಿ ಕೂಡಿದರೆ ನೀಲಿ. ಮಿರ್ಕಿನ್ ಮತ್ತು ಸಂಗಡಿಗರು 1996ರಲ್ಲಿ ಡಿಎನ್‌ಎ ಎಳೆಗಳಿಂದ ಕಣಗಳನ್ನು ಬೆಸೆದು ಈ ಗುಣವನ್ನೇ ದುಡಿಸಿಕೊಂಡರು.

ನನ್ನ ತಕರಾರು ಶುರುವಾಗುವುದು ಇಲ್ಲಿ. ಆ ನೀಲಿ ಬರಲು ರೋಗಾಣುವೇ ಬೇಕೆಂದಿಲ್ಲ, ಚಿಟಿಕೆ ಉಪ್ಪು ಸಾಕು. ಸಿಟ್ರೇಟ್ ಕೊಟ್ಟ ಋಣ ವಿದ್ಯುದಂಶದ ಬಲದಿಂದ ದೂರ ನಿಂತಿದ್ದ ಕಣಗಳು ಉಪ್ಪು ಬಿದ್ದರೆ ಅಂಟಿಕೊಳ್ಳುತ್ತವೆ. ಹಾಗಾಗಿ ಶುದ್ಧ ಬಫರಿನಲ್ಲಿ ಬಣ್ಣ ಬದಲಾದದ್ದನ್ನು ತೋರಿಸಿ ‘ರೋಗ ಪತ್ತೆಯಾಯಿತು’ ಎಂದು ದಯವಿಟ್ಟು ಬರೆಯಬೇಡಿ. ರಕ್ತದಲ್ಲಿ ಉಪ್ಪಿದೆ, ಕಣವನ್ನು ಮುತ್ತಿಕೊಳ್ಳುವ ಪ್ರೋಟೀನುಗಳಿವೆ. ಜೊತೆಗೆ ರಕ್ತವೂ ಕೆಂಪೇ: ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ 540 ಮತ್ತು 577 ನ್ಯಾನೋಮೀಟರಿನ ಆಸುಪಾಸಿನಲ್ಲಿ, ಅಂದರೆ ಚಿನ್ನದ ಪಕ್ಕದಲ್ಲೇ, ಬೆಳಕು ಹೀರುತ್ತದೆ. ಕಣಗಳನ್ನು ಕಡ್ಡಿಯಾಕಾರದಲ್ಲಿ ಬೆಳೆಸಿದರೆ ಅವು ಹೀರುವ ಬೆಳಕು 700ರಿಂದ 900ರತ್ತ ಸರಿಯುತ್ತದೆ, ಅಲ್ಲಿ ರಕ್ತದ ಅಡ್ಡಿ ಕಡಿಮೆ. ಆದರೆ ಅದನ್ನು ಓದಲು ಯಂತ್ರ ಬೇಕು.

ಹಳ್ಳಿಯ ಮನೆಬಾಗಿಲಲ್ಲಿ ಯಂತ್ರವಿರುವುದಿಲ್ಲ. ಆಶಾ ಕಾರ್ಯಕರ್ತೆ ಜ್ವರ ಬಂದ ಮಗುವಿನ ಬೆರಳು ಚುಚ್ಚಿ, ಮಲೇರಿಯಾ ಕಿಟ್ಟಿಗೆ ಒಂದು ಹನಿ ರಕ್ತ ಹಾಕಿ, ಮೇಲೆ ಬಫರ್ ಬಿಟ್ಟು ಕಾಯುತ್ತಾರೆ. ಪ್ರತಿಕಾಯ ಹೊತ್ತ ಚಿನ್ನದ ಕಣಗಳು ಪಟ್ಟಿಯುದ್ದಕ್ಕೂ ಹರಿದು, ಪರಾವಲಂಬಿಯ ಪ್ರೋಟೀನ್ ಸಿಕ್ಕಿದ್ದರೆ ಗೆರೆಯಲ್ಲಿ ನಿಲ್ಲುತ್ತವೆ. ಹಿಂದೆ ಇನ್ನೂ ರಕ್ತದ ನಸುಗೆಂಪು ಉಳಿದಿರುತ್ತದೆ. ಅದರ ನಡುವೆ ಗೆರೆ ಮೂಡಿದೆಯೋ ಇಲ್ಲವೋ ಎಂದು ಆ ಕಾರ್ಯಕರ್ತೆ ಪಟ್ಟಿಯನ್ನು ಬೆಳಕಿಗೆ ಓರೆಮಾಡಿ ನೋಡಬೇಕು. ಗೆರೆ ಎಷ್ಟೇ ಮಸುಕಾಗಿರಲಿ, ಇದ್ದರೆ ಪಾಸಿಟಿವ್. ಮಗುವಿಗೆ ಔಷಧಿ ಕೊಡುವುದು ಆ ಗೆರೆಯನ್ನು ನಂಬಿ.

ಆದ್ದರಿಂದ ನಿಮ್ಮ ಮುಂದಿನ ಲೇಖನದಲ್ಲಿ ಅತಿ ಕಡಿಮೆ ಸಾಂದ್ರತೆಯ ದಾಖಲೆಗಿಂತ ಮೊದಲು ಇವು ಇರಲಿ: ನಿಜವಾದ ರೋಗಿಗಳ ರಕ್ತದಲ್ಲಿ ಬಂದ ಫಲಿತಾಂಶ, ಕಲಬುರಗಿಯ ಬೇಸಗೆಯಂಥ 40 ಡಿಗ್ರಿ ಸೆಕೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಪಟ್ಟಿಗಳ ಫೋಟೋ, ಮತ್ತು ನಿಮ್ಮ ಲ್ಯಾಬಿನವರಲ್ಲದ ಹತ್ತಾರು ಜನ ಅದೇ ಗೆರೆಯನ್ನು ಹೇಗೆ ಓದಿದರು ಎಂಬ ವಿವರ.

ಇತಿ,
ನಿಮ್ಮ ಕೆಲಸದಲ್ಲಿ ನಂಬಿಕೆಯಿಟ್ಟ ಓದುಗ