ಸಂವತ್ಸರಗೀತ ತಾರತಮ್ಯ ವಿಚಾರ

ಮಂಗಳೂರಿನ ಬಿಜೈ ಭಾಗದ ಒಂದು ಮನೆಯಲ್ಲಿ ಈಚೆಗೆ ದೊರೆತ ಹಸ್ತಪ್ರತಿಯೊಂದನ್ನು ವಿದ್ವತ್‌ಲೋಕದ ಮುಂದಿಡುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಪ್ರತಿಯಿರುವುದು ಮದುವೆ ಕಾಗದವೊಂದರ ಬೆನ್ನಿನ ಮೇಲೆ. ಲಿಪಿ ಕನ್ನಡ, ಶಾಯಿ ನೀಲಿ, ಅಕ್ಷರ ವೈದ್ಯರದಂತಿದೆ. ಶೀರ್ಷಿಕೆ ‘2025: ನನ್ನ ಟಾಪ್ ಟೆನ್, ರಾಕ್ ಮತ್ತು ಪಾಪ್’. ಕರ್ತೃ ಅವಿವಾಹಿತ, ಸಂಗೀತಾಭಿಮಾನಿ, ಈ ಎರಡಕ್ಕೂ ಸಂಬಂಧವಿದೆಯೆಂದು ಮನೆಯವರ ಅಭಿಪ್ರಾಯ. ಇನ್ನೊಂದು ದಿನ ತಡವಾಗಿದ್ದರೆ ಪ್ರತಿ ಗುಜರಿಯವನ ತಕ್ಕಡಿ ಏರುತ್ತಿತ್ತು. ನಮ್ಮ ಎಷ್ಟೋ ಕಾವ್ಯಗಳು ಇಂಥದೇ ಗಂಡಾಂತರದಿಂದ ಪಾರಾಗಿ ಬಂದವು ಎಂಬುದನ್ನು ಬಲ್ಲವರು ಈ ಸಂಪಾದಕನ ಶ್ರಮವನ್ನೂ ಬಲ್ಲರು.

ಪೂರ್ವಸೂರಿಗಳಿಂದ ಈ ವಿಷಯದಲ್ಲಿ ಸಹಾಯವಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಇದೇ ಊರಿನಿಂದ ಹೊರಟಿತಾದರೂ ವರ್ಷಾಂತ್ಯದ ಹಾಡುಗಳ ಪಟ್ಟಿ ಹಾಕುವ ದೂರದೃಷ್ಟಿ ಅದಕ್ಕಿರಲಿಲ್ಲ. 1894ರಲ್ಲಿ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ ಮುದ್ರಣವಾದ ಕಿಟೆಲ್ ನಿಘಂಟಿನಲ್ಲಿ ‘ಡಿಜೆ’ ಇಲ್ಲ. ಆದ್ದರಿಂದ ಶಾಸ್ತ್ರದ ಆಶ್ರಯವೇ ಗತಿ.

ಶಾಸ್ತ್ರಕ್ಕೆ ನಾವು ದೂರ ಹೋಗಬೇಕಾಗಿಲ್ಲ, ಪಾಜಕದ ತನಕ ಹೋದರೆ ಸಾಕು. ಮಧ್ವಾಚಾರ್ಯರು ಪಂಚಭೇದವನ್ನೂ ಜೀವರಲ್ಲಿ ತಾರತಮ್ಯವನ್ನೂ ಸ್ಥಾಪಿಸಿದ ಕರಾವಳಿ ಇದು. ‘ಎಲ್ಲ ಹಾಡೂ ಚಂದವೇ, ಇದರಲ್ಲಿ ಮೇಲೇನು ಕೀಳೇನು’ ಎನ್ನುವವನು ಅದ್ವೈತಿ, ಅವನು ಬೇರೆ ಊರಿನಲ್ಲಿ ಪಟ್ಟಿ ಮಾಡದೆ ಸುಖವಾಗಿರಲಿ. ನಮ್ಮ ಕರ್ತೃ ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವನಾದರೂ ಪಟ್ಟಿಯ ಮಟ್ಟಿಗೆ ಅಪ್ಪಟ ಮಾಧ್ವ. ಒಂಬತ್ತನೆಯ ಹಾಡು ಹತ್ತನೆಯದಕ್ಕಿಂತ ಶ್ರೇಷ್ಠ, ಈ ಶ್ರೇಷ್ಠತೆ ಮುಕ್ತಿಯಲ್ಲೂ ಅಳಿಯದು.

ಇನ್ನು ಕಾಲವಿಚಾರ. ‘ವರ್ಷದ ಹಾಡು’ ಎಂದ ಮೇಲೆ ವರ್ಷ ಯಾವುದೆಂಬುದು ಇತ್ಯರ್ಥವಾಗಬೇಕು. ಜನವರಿ 1 ಎಂದರೆ ಬ್ಯಾಂಕಿನವರು ಒಪ್ಪುವುದಿಲ್ಲ, ಅವರಿಗೆ ಏಪ್ರಿಲ್. ಪಕ್ಕದ ಮನೆಯವರಿಗೆ ಬಿಸು. ಕರ್ತೃವಿನ ಇಗರ್ಜಿಯ ಪಂಚಾಂಗದಲ್ಲಿ ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮೊದಲೇ ಹೊಸ ವರ್ಷ. ಈ ಜಟಿಲತೆಯ ಪೂರ್ಣ ಲಾಭ ಪಡೆದು ಅವನು ನಾಲ್ಕನೆಯ ಸ್ಥಾನದಲ್ಲಿ ‘ಉಪೇಂದ್ರ’ ಚಿತ್ರದ ಕರಿಮಣಿಯ ಹಾಡನ್ನು ಬರೆದಿದ್ದಾನೆ. ಚಿತ್ರ 1999ರದ್ದು, ಸಂಗೀತ ಇದೇ ಊರಿನ ಗುರುಕಿರಣ್ ಅವರದ್ದು. 2024ರ ಆರಂಭದಲ್ಲಿ ಅದು ರೀಲ್ಸ್‌ಗಳಲ್ಲಿ ಮತ್ತೆ ಹುಟ್ಟಿ, ಚಿತ್ರ ಬಂದಾಗ ಹುಟ್ಟಿಯೇ ಇರದಿದ್ದ ಮಕ್ಕಳ ಬಾಯಲ್ಲೂ ನಲಿಯಿತು. ಹಾಗಿದ್ದರೆ 2025ರ ಪಟ್ಟಿಯಲ್ಲಿ ಅದಕ್ಕೇನು ಕೆಲಸ? ಅಂಚಿನಲ್ಲಿ ಒಂದು ಟಿಪ್ಪಣಿಯಿದೆ: ‘ನಮ್ಮ ಬಸ್ಸಿಗೆ ಈ ವರ್ಷ ಬಂತು.’

ಮಂಜೇಶ್ವರದ ಗೋವಿಂದ ಪೈಗಳು ಬದುಕಿದ್ದರೆ ಈ ಒಂದು ವಾಕ್ಯದ ಮೇಲೆ ನೂರು ಪುಟ ಬರೆದು ತಿಥಿ, ವಾರ, ನಕ್ಷತ್ರದೊಡನೆ ಕಾಲನಿರ್ಣಯ ಮಾಡುತ್ತಿದ್ದರು. ನಮ್ಮ ಕೈಲಾದಷ್ಟು ಹೇಳುತ್ತೇವೆ. ಹಾಡಿಗೆ ರಚನಾಕಾಲ ಬೇರೆ, ಸ್ಟೇಟ್‌ಬ್ಯಾಂಕ್ ನಿಲ್ದಾಣ ತಲುಪಿದ ಕಾಲ ಬೇರೆ. ಎರಡನೆಯದು ಪೆನ್‌ಡ್ರೈವ್ ಬದಲಾಗುವುದನ್ನು ಅವಲಂಬಿಸಿದೆ. ಪೆನ್‌ಡ್ರೈವ್ ಬದಲಿಸುವ ಅಧಿಕಾರ ಯಾರದೆಂಬಲ್ಲಿ ಎರಡು ಪಂಥಗಳಿವೆ. ಸ್ಟೀರಿಂಗ್ ಹಿಡಿದವನಿಗೇ ಸ್ವಾತಂತ್ರ್ಯವೆಂಬುದು ಡ್ರೈವರ್‌ಪಕ್ಷ. ‘ರೈಟ್ ಪೋಯಿ’ ಎಂದು ಕೂಗುವವನ ಲಯಕ್ಕೆ ಹೊಂದದ ಹಾಡು ಎರಡು ಸ್ಟಾಪು ಬಾಳುವುದಿಲ್ಲ, ಆದ್ದರಿಂದ ನಿಜವಾದ ಕರ್ತೃತ್ವ ಅವನದೇ ಎಂಬುದು ಕಂಡಕ್ಟರ್‌ಪಕ್ಷ. ಹಂಪನಕಟ್ಟೆಯ ಸಿಗ್ನಲ್ಲಿನಲ್ಲಿ ಕುಳಿತು ಬಹಳ ಹೊತ್ತು ಯೋಚಿಸಿದ ಮೇಲೆ ನಾವು ಕಂಡಕ್ಟರ್‌ಪಕ್ಷಕ್ಕೆ ವಾಲಿದ್ದೇವೆ. ಕೇಳುಗನಿಗೆ ಇದರಲ್ಲಿ ಯಾವ ಅಧಿಕಾರವೂ ಇಲ್ಲ ಎಂಬಲ್ಲಿ ಮಾತ್ರ ಎರಡೂ ಪಂಥಗಳು ಒಮ್ಮತದಲ್ಲಿವೆ.

ಎರಡನೆಯ ಸ್ಥಾನದಲ್ಲಿ ‘ಕೋಲ್ಡ್‌ಪ್ಲೇ, ಲೈವ್’ ಎಂದಿದೆ. ಜನವರಿ 18, 19 ಮತ್ತು 21ರಂದು ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಆ ತಂಡ ಹಾಡಿದ್ದು ಐತಿಹಾಸಿಕ ಸತ್ಯ. ಕರ್ತೃ ಅಲ್ಲಿದ್ದನೇ? ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನ ಟಿಕೆಟು ದೊರೆತಿದೆ, ಕಚೇರಿಯ ಟಿಕೆಟು ದೊರೆತಿಲ್ಲ. ಆಂತರಿಕ ಸಾಕ್ಷ್ಯಗಳಿಂದ ಊಹಿಸಬಹುದಾದದ್ದು ಇಷ್ಟು: ಅವನು ಪನ್ವೇಲಿನಲ್ಲಿ ಇಳಿದು, ನೆರೂಲಿನಲ್ಲಿರುವ ಮಾವ್ಶಿಯ ಮನೆಗೆ ಹೋಗಿ, ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ ನಿಂತು ಮೂರು ರಾತ್ರಿ ಕಿವಿಗೊಟ್ಟ. ಇದನ್ನು ‘ಲೈವ್’ ಎನ್ನಬಹುದೇ ಎಂದು ಅವನ ಗೆಳೆಯರು ಆಕ್ಷೇಪಿಸುತ್ತಾರೆ. ಭಾಗವತದಲ್ಲಿ ನವವಿಧ ಭಕ್ತಿಗಳ ಪೈಕಿ ಮೊದಲನೆಯದೇ ಶ್ರವಣ, ದರ್ಶನದ ಹೆಸರು ಆ ಒಂಬತ್ತರಲ್ಲಿ ಇಲ್ಲವೇ ಇಲ್ಲ. ಆಕ್ಷೇಪ ತಿರಸ್ಕೃತ.

ಮೂರನೆಯ ಸ್ಥಾನವನ್ನು ಎರಡು ಬಾರಿ ಹೊಡೆದು ಬರೆಯಲಾಗಿದೆ. ಕೆಳಪದರದಲ್ಲಿ ಬ್ಲ್ಯಾಕ್ ಸಬ್ಬತ್ ತಂಡದ ಹೆಸರು ಮಸುಕಾಗಿ ಕಾಣುತ್ತದೆ. ಜುಲೈ 5ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಕೊನೆಯ ಕಚೇರಿ ಮುಗಿಸಿದ ಓಝಿ ಆಸ್‌ಬರ್ನ್ ಅದೇ ತಿಂಗಳ 22ರಂದು ತೀರಿಕೊಂಡರು. ನಮ್ಮಲ್ಲಿ ಆಗ ಆಟಿ, ಸತ್ತವರಿಗೆ ಬಡಿಸುವ ತಿಂಗಳು. ಕರ್ತೃ ಕಪ್ಪು ಟೀಶರ್ಟು ಹಾಕಿ ಶೋಕಾಚರಣೆಗೆ ಕುಳಿತ. ಅವನಲ್ಲಿ ಕಪ್ಪು ಟೀಶರ್ಟು ಇದ್ದದ್ದು ಒಂದೇ, ಆಟಿಯ ಮಳೆಯಲ್ಲಿ ಒಗೆದದ್ದು ಒಣಗುವುದಿಲ್ಲ, ಹೀಗಾಗಿ ಶೋಕವು ವಾಸನೆಯ ಕಾರಣದಿಂದ ಮೂರನೆಯ ದಿನಕ್ಕೆ ಮುಕ್ತಾಯವಾಯಿತು. ಆ ಮೂರನೆಯ ದಿನ, ಜುಲೈ 25, ಜೆ.ಪಿ. ತೂಮಿನಾಡು ಅವರ ‘ಸು ಫ್ರಮ್ ಸೋ’ ತೆರೆಕಂಡಿತು. ಸೋಮೇಶ್ವರದ ಸುಲೋಚನಳ ಪ್ರೇತ ಮೈಮೇಲೆ ಬಂತೆಂದು ಊರು ನಂಬುವ ಕಥೆ. ಸುಮೇಧ್ ಕೆ. ಸಂಗೀತದ ಅದರ ‘ಡ್ಯಾಂಕ್ಸ್ ಆ್ಯಂಥಮ್’ ಪಟ್ಟಿಯ ಮೇಲ್ಪದರದಲ್ಲಿದೆ. ಬರ್ಮಿಂಗ್‌ಹ್ಯಾಮಿನ ಪ್ರೇತಕ್ಕಿಂತ ಉಳ್ಳಾಲದ ಕಡೆಯ ಪ್ರೇತ ಹತ್ತಿರದ್ದು ಎಂಬ ವ್ಯಾವಹಾರಿಕ ನಿಲುವು ಇಲ್ಲಿ ಸ್ಪಷ್ಟ.

ಪ್ರಕ್ಷೇಪಗಳು ಹಲವಿವೆ. ಐದನೆಯ ಸಾಲಿನಲ್ಲಿ ಗುಲಾಬಿ ಜೆಲ್ ಪೆನ್ನಿನಿಂದ ‘ಗೋಲ್ಡನ್’ ಎಂದು ಬರೆದು ಪಕ್ಕದಲ್ಲಿ ಹೃದಯದ ಚಿತ್ರ ಹಾಕಲಾಗಿದೆ. ಇದು ‘ಕೆಪಾಪ್ ಡೀಮನ್ ಹಂಟರ್ಸ್’ ಚಿತ್ರದ ಹಾಡು, 2025ರದ್ದೇ, ಬಿಲ್‌ಬೋರ್ಡ್ ಪಟ್ಟಿಯ ತುದಿ ಮುಟ್ಟಿದ್ದು. ಆದರೂ ಕೈಬರಹ ತಂಗಿಯದಾದ್ದರಿಂದ ಅಪ್ರಮಾಣ. ಆರನೆಯ ಸಾಲಿನಲ್ಲಿ ಪೆನ್ಸಿಲ್ಲಿನಿಂದ, ನಡುಗುವ ಅಕ್ಷರದಲ್ಲಿ ‘ವಿಲ್ಫಿಚಿಂ ಪದಾಂ’. ಇದು ಅಜ್ಜಿ. ‘ಕೊಂಕಣ ಕೋಗಿಲೆ’ ವಿಲ್ಫಿ ರೆಬಿಂಬಸ್ ತೀರಿಕೊಂಡದ್ದು 2010ರಲ್ಲಿ, ಅವರ ಹಾಡು 2025ರದ್ದಾಗುವುದು ಹೇಗೆ ಎಂದು ಕೇಳಲಾಗಿ, ‘ನಾನು ಈ ವರ್ಷವೂ ಹಾಡಿದ್ದೇನಲ್ಲ ಮಾರಾಯ’ ಎಂಬ ಉತ್ತರ ಬಂತು. ಜತೆಗೆ, ಶಕ್ತಿನಗರದ ಕಲಾಂಗಣದಲ್ಲಿ 2008ರ ಜನವರಿಯಲ್ಲಿ ಮಾಂಡ್ ಸೊಭಾಣ್‌ನವರು 40 ಗಂಟೆ ಎಡೆಬಿಡದೆ ಕೊಂಕಣಿ ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದ್ದನ್ನು ನೆನಪಿಸಿ, ‘ನಿನ್ನ ಇಂಗ್ಲಿಷಿನವರು ಒಂದೂವರೆ ಗಂಟೆಗೆ ಸುಸ್ತಲ್ವಾ?’ ಎಂದು ಪ್ರತಿಪ್ರಶ್ನೆ ಹಾಕಿದರು. ಈ ಪಾಠವನ್ನು ಪ್ರಕ್ಷಿಪ್ತವೆನ್ನುವ ಧೈರ್ಯ ಸಂಪಾದಕನಿಗಿಲ್ಲ.

ಏಳನೆಯದು ‘ವರಾಹ ರೂಪಂ (ಹಳೇದು)’. ಆವರಣದೊಳಗಿನ ಆ ಒಂದು ಶಬ್ದಕ್ಕಾಗಿಯೇ ಕರ್ತೃವನ್ನು ಗ್ರಂಥಸಂಪಾದನಾ ಶಾಸ್ತ್ರಜ್ಞನೆಂದು ಕರೆಯಬೇಕು. 2022ರ ‘ಕಾಂತಾರ’ದ ಈ ಹಾಡಿಗೆ ಸಾಹಿತ್ಯ ಶಶಿರಾಜ್ ಕಾವೂರು, ಸಂಗೀತ ಅಜನೀಶ್ ಲೋಕನಾಥ್. ಕೇರಳದ ರಾಕ್ ತಂಡ ತೈಕ್ಕುಡಂ ಬ್ರಿಡ್ಜ್ ತನ್ನ ‘ನವರಸಂ’ಗೂ ಇದಕ್ಕೂ ಹೋಲಿಕೆಯಿದೆಯೆಂದು ಕೋರ್ಟಿಗೆ ಹೋಯಿತು. ಆ ನವೆಂಬರಿನಲ್ಲಿ ಚಿತ್ರ ಮೊಬೈಲಿಗೆ ಬಂದಾಗ ಸಾಹಿತ್ಯ ಅದೇ, ಧಾಟಿ ಬೇರೆ. ಮುಂದೆ ಹಳೆಯ ಧಾಟಿ ಮರಳಿತು. ಹೀಗೆ ಒಂದೇ ಕೃತಿಗೆ ಥಿಯೇಟರ್ ಪಾಠ, ಮೊಬೈಲ್ ಪಾಠ ಎಂದು ಎರಡು ಪಾಠಗಳು ಉಂಟಾದವು. ಪಂಪನ ಪಾಠಾಂತರಗಳಿಗೆ ಸಾವಿರ ವರ್ಷ ಬೇಕಾಯಿತು, ಇದಕ್ಕೆ ಎರಡು ತಿಂಗಳು.

ಎಂಟನೆಯದರಲ್ಲಿ ‘ತಾಸೆ’ ಎಂದಷ್ಟೇ ಇದೆ. ಅದು ಹಾಡಲ್ಲ, ಹುಲಿವೇಷದ ವಾದ್ಯ; ಸಾಹಿತ್ಯವಿಲ್ಲ, ಗಾಯಕನಿಲ್ಲ. ಅಕ್ಟೋಬರ್ 2ರ ವಿಜಯದಶಮಿಯಂದು ‘ಕಾಂತಾರ ಚಾಪ್ಟರ್ 1’ ಬಿಡುಗಡೆಯಾಗಿದ್ದರೂ ಕರ್ತೃ ಮೊದಲ ದಿನ ಥಿಯೇಟರಿಗೆ ಹೋಗದೆ ಕುದ್ರೋಳಿ ದಸರಾದ ಹುಲಿಗಳ ಹಿಂದೆ ಹೋದ. ಡೋಲು, ತಾಸೆಗಳ ಎದುರು ಹೆವಿ ಮೆಟಲ್ ಏನೆಂಬುದು ಅವನಿಗೆ ಅಂದು ಎದೆಗೂಡಿನಲ್ಲಿ ಮನವರಿಕೆಯಾಗಿರಬೇಕು. ಒಂಬತ್ತು ಮತ್ತು ಹತ್ತರ ಬಗ್ಗೆ ಹೇಳುವಂಥದ್ದೇನಿಲ್ಲ. ಅವು ಸ್ಥಾನ ತುಂಬಲೆಂದು ಬರೆದವು.

ಉಳಿದದ್ದು ಪ್ರಥಮ ಸ್ಥಾನ. ಅಲ್ಲಿ ಗ್ರಂಥಪಾತವಾಗಿದೆ. ಸೋದರಮಾವನ ಮಗಳ ಮದುವೆಯ ಮುನ್ನಾದಿನದ ರೋಸಿನಲ್ಲಿ, ಹೆಣ್ಣಿನ ತಲೆಗೆ ಎರೆದ ತೆಂಗಿನ ಹಾಲು ಈ ಪ್ರತಿಯ ಮೇಲೂ ಚೆಲ್ಲಿ ಮೊದಲ ಸಾಲು ಅಳಿಸಿಹೋಗಿದೆ. ಕೊನೆಯಲ್ಲಿ ಒಂದು ‘ಲಾ’ ಮಾತ್ರ ಕಾಣುತ್ತದೆ. ಮರುದಿನದ ರಿಸೆಪ್ಶನ್ನಿನ ಬ್ಯಾಂಡಿನವರು ಅದನ್ನು ‘ಬೈಲಾ’ ಎಂದು ಪೂರ್ತಿ ಮಾಡುತ್ತಾರೆ. ಅಡುಗೆಯವರ ಪ್ರಕಾರ ಅದು ‘ಮಸಾಲಾ’, ಬ್ಯಾಂಡಿನವರು ಇದಕ್ಕೂ ಒಪ್ಪುತ್ತಾರೆ, ಏಕೆಂದರೆ ರಿಸೆಪ್ಶನ್ನಿನ ಕೊನೆಗೆ ಬರುವ ಹಾಡುಗಳ ಸರಮಾಲೆಗೂ ಅದೇ ಹೆಸರು. ನೆರೆಮನೆಯ ನಿವೃತ್ತ ಪೊಲೀಸರು 2000ದ ಶಬ್ದಮಾಲಿನ್ಯ ನಿಯಮ ತೆಗೆದು, ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್, ಹತ್ತರ ಮೇಲೆ ಧ್ವನಿವರ್ಧಕ ಕೂಡದು, ಆದ್ದರಿಂದ ಅಲ್ಲಿ ಇದ್ದದ್ದು ಬರೇ ‘ಇಲ್ಲಾ’ ಎಂದು ವಾದಿಸುತ್ತಾರೆ. ಮೂರೂ ಪಾಠಗಳಿಗೆ ಛಂದಸ್ಸು ಅಡ್ಡಬರುವುದಿಲ್ಲ.

ಈ ಪ್ರಬಂಧ ಅಚ್ಚಿಗೆ ಹೋಗುವ ಹೊತ್ತಿಗೆ ಕರ್ತೃವೇ ಫೋನು ಮಾಡಿ, ಮೊದಲನೆಯದು ಯಾವುದೆಂದು ತಾನೇ ಹೇಳುತ್ತೇನೆ ಎಂದು ವಾಟ್ಸಾಪಿನಲ್ಲಿ ತಿಳಿಸಿದ. ಬದುಕಿರುವ ಕವಿಯ ಹೇಳಿಕೆಯನ್ನು ಆಕರವಾಗಿ ಸ್ವೀಕರಿಸುವ ಪದ್ಧತಿ ನಮ್ಮಲ್ಲಿಲ್ಲ. ಫೋನು ಎತ್ತಲಿಲ್ಲ.