ಮಾರ್ಕೆಟಿಂಗ್ ಸಾಹೇಬರ ಪುಸ್ತಕದ ಕಪಾಟು

ಮಾರ್ಕೆಟಿಂಗ್ ಮುಖ್ಯಸ್ಥರ ಕುರ್ಚಿಯಲ್ಲಿ ಕೂತ ಮರುದಿನವೇ ಯಾರಾದರೊಬ್ಬರು ಬಂದು ‘ಸರ್, ಈಗ ಏನು ಓದ್ತಾ ಇದೀರಿ?’ ಎಂದು ಕೇಳುತ್ತಾರೆ. ನಿನ್ನೆಯವರೆಗೆ ‘ಮೇಲ್ ಓದ್ತಾ ಇದೀನಪ್ಪ’ ಎಂದರೆ ನಡೆಯುತ್ತಿತ್ತು. ಇನ್ನು ನಡೆಯುವುದಿಲ್ಲ. ಹಾಗಾಗಿ ಹೊಸ ಸಾಹೇಬರ, ಹೊಸ ಮೇಡಂಗಳ ಅನುಕೂಲಕ್ಕೆಂದು ಓದಲೇಬೇಕಾದ, ಅಂದರೆ ಮೇಜಿನ ಮೇಲೆ ಇಟ್ಟುಕೊಳ್ಳಲೇಬೇಕಾದ ಪುಸ್ತಕಗಳ ಪಟ್ಟಿಯೊಂದನ್ನು ಕೊಡುತ್ತಿದ್ದೇನೆ. ನಿಮ್ಮದು ಫಿನಾಯಿಲ್ ಕಂಪನಿ ಎಂದಿಟ್ಟುಕೊಳ್ಳೋಣ. ಸೋಪಿನದಾದರೂ ಸಾಫ್ಟ್‌ವೇರಿನದಾದರೂ ಪಟ್ಟಿ ಇದೇ.

ಮೊದಲನೆಯದು ಫಿಲಿಪ್ ಕಾಟ್ಲರ್ ಅವರ ‘ಮಾರ್ಕೆಟಿಂಗ್ ಮ್ಯಾನೇಜ್‌ಮೆಂಟ್’. 1967ರಲ್ಲಿ ಬಂದದ್ದು. ವಿಡಿಯೋ ಕಾಲ್‌ನಲ್ಲಿ ಲ್ಯಾಪ್‌ಟಾಪನ್ನು ಕಣ್ಣಿನ ಮಟ್ಟಕ್ಕೆ ಎತ್ತಲು ಇದಕ್ಕಿಂತ ಒಳ್ಳೆಯ ಪುಸ್ತಕ ಇನ್ನೂ ಅಚ್ಚಾಗಿಲ್ಲ. ಒಳಗೆ ಬೆಲೆ ಕಟ್ಟುವ ಬಗ್ಗೆ, ಸರಕು ಅಂಗಡಿ ಮುಟ್ಟುವ ಬಗ್ಗೆ ಅಧ್ಯಾಯಗಳಿವೆ. ಅವನ್ನು ಬಿಡಬಹುದು. ಬೆಲೆ ನೋಡಿಕೊಳ್ಳಲು ಫೈನಾನ್ಸಿನವರಿದ್ದಾರೆ, ಅಂಗಡಿ ಸೇಲ್ಸಿನವರ ಪಾಡು, ಸರಕು ಫ್ಯಾಕ್ಟರಿಯವರ ಕರ್ಮ. ಜೆರೋಮ್ ಮೆಕಾರ್ಥಿ 1960ರಲ್ಲಿ ಹೇಳಿಕೊಟ್ಟ ನಾಲ್ಕು ‘ಪಿ’ಗಳಲ್ಲಿ ನಿಮ್ಮ ಪಾಲಿಗೆ ಉಳಿದದ್ದು ಪ್ರಮೋಷನ್ ಒಂದೇ. ಅದು ನಿಮಗೆ ಆಗಲೇ ಸಿಕ್ಕಿದೆ.

ಎರಡನೆಯದು ಚೀನಾದ ಸುನ್ ಝು ಬರೆದನೆನ್ನುವ ಯುದ್ಧಕಲೆಯ ಗ್ರಂಥ. ಪುಟ್ಟ ಪುಟ್ಟ 13 ಅಧ್ಯಾಯ; ವಿಮಾನ ಹುಬ್ಬಳ್ಳಿಯಲ್ಲಿ ಇಳಿಯುವುದರೊಳಗೆ ಮುಗಿದೇಹೋಗುತ್ತದೆ. ಓದಿ ಇಳಿದವರು ಮೊದಲು ಮಾಡುವ ಕೆಲಸವೆಂದರೆ ಆಫೀಸಿನಲ್ಲೊಂದು ‘ವಾರ್ ರೂಮ್’ ಕಟ್ಟಿಸುವುದು. ಅಲ್ಲಿ ಗಾಜಿನ ಗೋಡೆ, ಗೋಡೆ ತುಂಬ ಹಳದಿ ಚೀಟಿ, ಮೂಲೆಯಲ್ಲಿ ಆರಿಹೋದ ಕಾಫಿ, ಎದುರಾಳಿಯಾಗಿ ಇನ್ನೊಂದು ಫಿನಾಯಿಲ್ ಕಂಪನಿ. ಕಾದಾಡದೆ ಗೆಲ್ಲುವುದೇ ಮೇಲು ಎನ್ನುವುದು ಆ ಪುಸ್ತಕದ ಸಾರ. ದಂಡು ಕಟ್ಟಿಕೊಂಡು ಹೊರಟರೆ ದಿನಕ್ಕೆ ಎಷ್ಟು ಖರ್ಚು ಬೀಳುತ್ತದೆ ಎಂದು ರಥ, ರೇಷನ್ನಿನ ಸಮೇತ ಲೆಕ್ಕ ಒಪ್ಪಿಸುವ ಅಧ್ಯಾಯವೂ ಇದೆ. ಆ ಪುಟಗಳನ್ನು ಪಿನ್ ಹೊಡೆದು ಮುಚ್ಚಿಬಿಡಿ. ಬಜೆಟ್ ಕೇಳುವ ಹೊತ್ತಿಗೆ ತೊಂದರೆ ಕೊಡುತ್ತವೆ.

ಮೂರನೆಯದು ಜಿಮ್ ಕಾಲಿನ್ಸ್ ಅವರ ‘ಗುಡ್ ಟು ಗ್ರೇಟ್’. 2001ರದು. ಸಾಧಾರಣ ಚೆನ್ನಾಗಿದ್ದು ಆಮೇಲೆ ಮಹಾ ಆದ 11 ಕಂಪನಿಗಳ ಪುರಾಣ. ಅವುಗಳಲ್ಲಿ ‘ಫ್ಯಾನಿ ಮೇ’ ಎಂಬುದು 2008ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರಕಾರದ ಸುಪರ್ದಿಗೆ ಹೋಯಿತು. ಸರ್ಕ್ಯೂಟ್ ಸಿಟಿ ಅದೇ ವರ್ಷ ನವೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿ, ಮರುವರ್ಷ ಅಂಗಡಿಗಳಿಗೆಲ್ಲ ಬೀಗ ಜಡಿಯಿತು. ಪುಸ್ತಕದ ಮಾರಾಟಕ್ಕೆ ಏನೂ ಆಗಲಿಲ್ಲ. ಕಂಪನಿ ಮುಳುಗಬಹುದು, ಅದರ ಯಶಸ್ಸಿನ ಗುಟ್ಟು ಮುಳುಗುವುದಿಲ್ಲ. ಇದಕ್ಕಿಂತ ದೊಡ್ಡ ಮಾರ್ಕೆಟಿಂಗ್ ಪಾಠ ಬೇಕೆ?

ನಾಲ್ಕನೆಯದು ಸೈಮನ್ ಸಿನೆಕ್ ಅವರ ‘ಸ್ಟಾರ್ಟ್ ವಿತ್ ವೈ’, 2009. ಒಂದರೊಳಗೊಂದು ಮೂರು ವೃತ್ತ, ನಟ್ಟನಡುವೆ ‘ಏಕೆ’. ಇದನ್ನು ಓದಿದ ಮೇಲೆ ಇಡೀ ತಂಡವನ್ನು ಚಿಕ್ಕಮಗಳೂರಿನ ರೆಸಾರ್ಟಿಗೆ ಕರೆದೊಯ್ದು, ಎರಡು ದಿನ ಕೂರಿಸಿ, ನಾವು ಫಿನಾಯಿಲ್ ಏಕೆ ಮಾರುತ್ತೇವೆ ಎಂದು ಕೇಳಬೇಕು. ‘ಸಂಬಳಕ್ಕೆ ಸರ್’ ಎಂದ ಹುಡುಗನನ್ನು ಬೇರೆ ವಿಭಾಗಕ್ಕೆ ಹಾಕಬೇಕು. ಎರಡನೇ ಸಂಜೆ, ಕ್ಯಾಂಪ್‌ಫೈರ್ ಹೊತ್ತಿಗೆ, ನಾವು ಮಾರುವುದು ಫಿನಾಯಿಲ್ ಅಲ್ಲ, ತಾಯಂದಿರ ನೆಮ್ಮದಿ ಎಂಬ ಸತ್ಯ ಹೊಳೆಯುತ್ತದೆ.

ಪಾಪ, ನಮ್ಮ ಹಿರಿಯರಿಗೆ ಈ ಭಾಗ್ಯ ಇರಲಿಲ್ಲ. ಮೊದಲ ಮಹಾಯುದ್ಧ ಶುರುವಾಗಿ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತಿತು, ಕೊರಡು ರಾಶಿ ಬಿತ್ತು. 1916ರಲ್ಲಿ ಎಣ್ಣೆ ತೆಗೆಯತೊಡಗಿದರು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿ ಸಾಬೂನಿನ ವಿದ್ಯೆ ಕಲಿಸಿದರು. ಅವರು ಬಂದು ಅಂಡಾಕಾರದ ಸೋಪು ಮಾಡಿ, ಒಡವೆಯ ಹಾಗೆ ಡಬ್ಬಿಯಲ್ಲಿಟ್ಟು ಕೊಟ್ಟರು. ‘ಏಕೆ’ ಎಂದು ಆಗ ಯಾರಾದರೂ ಕೇಳಿದ್ದರೆ ‘ಗಂಧ ಖರ್ಚಾಗದೆ ಬಿದ್ದಿದೆ ಸ್ವಾಮಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ರೆಸಾರ್ಟಿನ ಬಿಲ್ಲೂ ಉಳಿಯುತ್ತಿತ್ತು.

ಇನ್ನು ಅಪ್ಪಿತಪ್ಪಿಯೂ ಓದಬಾರದವುಗಳ ಬಗ್ಗೆ ಎರಡು ಮಾತು. ಕರ್ಸನ್‌ಭಾಯಿ ಪಟೇಲರ ಕಥೆ ಕಣ್ಣಿಗೆ ಬಿದ್ದರೆ ಪುಟ ತಿರುವಿಬಿಡಿ. 1969ರಲ್ಲಿ ಅಹಮದಾಬಾದಿನಲ್ಲಿ, ಸರಕಾರಿ ಲ್ಯಾಬಿನ ಕೆಲಸ ಮುಗಿಸಿ, ಸೈಕಲ್ ಮೇಲೆ ಮನೆಮನೆಗೆ ಹೋಗಿ ಕಿಲೋಗೆ ಮೂರು ರೂಪಾಯಿಯಂತೆ ನಿರ್ಮಾ ಪುಡಿ ಮಾರಿದ ಮನುಷ್ಯ ಅವರು. ದೊಡ್ಡ ಕಂಪನಿಯ ಪುಡಿಗೆ ಅದರ ನಾಲ್ಕು ಪಟ್ಟು ದರವಿತ್ತು. ಕೊನೆಗೆ ಹಿಂದೂಸ್ತಾನ್ ಲಿವರಿನಂಥ ಕಂಪನಿಯೂ ಅವರನ್ನು ಎದುರಿಸಲೆಂದೇ ‘ವೀಲ್’ ತರಬೇಕಾಯಿತು. ಬಾಗಿಲು ತೆರೆದ ಹೆಂಗಸು ಎಷ್ಟು ಕೊಡಬಲ್ಲಳು ಎಂಬ ಲೆಕ್ಕದಲ್ಲಿ ವೃತ್ತಗಳಿಲ್ಲ. ಸ್ಲೈಡ್ ಮಾಡಲು ಬಾರದ ಕಥೆ ನಿಮಗೇಕೆ?

ಅದಕ್ಕಿಂತಲೂ ಅಪಾಯಕಾರಿ ಸಾಹಿತ್ಯ ರಾಣೆಬೆನ್ನೂರಿನ ಡಿಸ್ಟ್ರಿಬ್ಯೂಟರ ಗೋಡೌನಿನಲ್ಲಿ ಇರುತ್ತದೆ. ರಟ್ಟಿನ ಫೈಲು, ಮೇಲೆ ‘ಕ್ಲೇಮು, ಡ್ಯಾಮೇಜು’ ಎಂದು ಬರೆದಿರುತ್ತದೆ. ಯುಗಾದಿಗೆ ನೀವು ಹನ್ನೆರಡಕ್ಕೊಂದು ಫ್ರೀ ಎಂದು ಸ್ಕೀಮು ಬಿಟ್ಟಿರಿ. ಅಂಗಡಿಯವನಿಗೆ ಆ ಫ್ರೀ ಮಾಲು ಕೊಟ್ಟವನು ಡಿಸ್ಟ್ರಿಬ್ಯೂಟರು, ದುಡ್ಡು ದೀಪಾವಳಿಗೂ ವಾಪಸು ಬಂದಿಲ್ಲ. ಅದಕ್ಕೇ ನಿಮ್ಮ ಹೊಸ ಲ್ಯಾವೆಂಡರ್ ಪರಿಮಳದ ಕಾರ್ಟನ್ನುಗಳು ಟೇಪು ಕೂಡ ಬಿಚ್ಚದೆ ಮೂಲೆಯಲ್ಲಿವೆ. ಆ ಫೈಲಿನೊಳಗೆ ವಾಪಸು ಬಂದ ಮಾಲಿನ ಚೀಟಿಯೊಂದಿದೆ. ಹಿಂಬದಿಯಲ್ಲಿ ಅಂಗಡಿಯವ ಪೆನ್ಸಿಲ್ಲಿನಲ್ಲಿ ಗೀಚಿದ್ದಾನೆ: ‘ಮುಚ್ಚಳ ಸೋರತೈತಿ. ಸಕ್ರಿ ಚೀಲದ ಮ್ಯಾಗ ಸುರದೈತಿ. ಮತ್ತ ಕಳಸಬ್ಯಾಡ್ರಿ.’

ಇದರ ಎದುರು ಯಾವ ಸಿದ್ಧಾಂತವೂ ನಿಲ್ಲುವುದಿಲ್ಲ ಎಂಬುದೇ ಇದರ ದೋಷ. ಇದನ್ನು ಓದಿದರೆ ಮುಚ್ಚಳ ಬದಲಿಸಬೇಕಾಗುತ್ತದೆ. ಮುಚ್ಚಳ ಬದಲಿಸಿದವರಿಗೆ ಪ್ರಶಸ್ತಿ ಸಮಾರಂಭದಲ್ಲಿ ವಿಭಾಗವೇ ಇಲ್ಲ. ತಾಯಂದಿರ ನೆಮ್ಮದಿಯ ಜಾಹೀರಾತಿಗಾದರೆ ಇದೆ, ಗೋವಾದಲ್ಲಿ.

ಕೊನೆಯದಾಗಿ, ಕಾಸು ಖರ್ಚಿಲ್ಲದೆ ಸಿಗುವ ಒಂದು ಓದು. ಆಫೀಸಿನ ಡ್ರೈವಿನಲ್ಲಿ ಹುಡುಕಿ. ನಿಮ್ಮ ಹಿಂದಿನವರು ಬಿಟ್ಟುಹೋದ ‘ಮೊದಲ 100 ದಿನ’ ಎಂಬ ಪ್ರೆಸೆಂಟೇಷನ್ ಇರುತ್ತದೆ. ಅದರಲ್ಲಿ ಮೂರು ವೃತ್ತ, ಸುನ್ ಝುವಿನದೊಂದು ಸೂಕ್ತಿ, ಲೋಗೋದ ಹಸಿರನ್ನು ತುಸು ಗಾಢ ಮಾಡುವ ಪ್ರಸ್ತಾವ. ಅವರ ಹಿಂದಿನವರದೂ ಪಕ್ಕದಲ್ಲೇ ಇದೆ: ಅದೇ ವೃತ್ತ, ಅದೇ ಸೂಕ್ತಿ, ಹಸಿರನ್ನು ತುಸು ತಿಳಿ ಮಾಡುವ ಪ್ರಸ್ತಾವ. ಮುಚ್ಚಳದ ಸುದ್ದಿ ಎರಡರಲ್ಲೂ ಇಲ್ಲ. ಹೆಸರು, ತಾರೀಖು ತಿದ್ದಿ ಬುಧವಾರ ಬೋರ್ಡಿನ ಮುಂದಿಡಿ. ಅವರು ಮೂರನೇ ಸಲವೂ ಚಪ್ಪಾಳೆ ತಟ್ಟುತ್ತಾರೆ. ಅವರು ಓದಿರುವುದೂ ಇದೇ ಪುಸ್ತಕಗಳನ್ನು.