ರೋಜರ್, ಮೇಡಂ

ನಾನು ಹೇಳಿದ್ದಕ್ಕೆ ಮರುಮಾತಾಡದೆ 'ರೋಜರ್' ಅನ್ನುವ ಇಪ್ಪತ್ತೆಂಟು ಗಂಡಸರು ಈ ಭೂಮಿಯ ಮೇಲಿದ್ದಾರೆ. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳುವ ಹಾಗಿಲ್ಲ, ತವರಿನಲ್ಲಿ ಹೇಳುವ ಹಾಗಿಲ್ಲ. ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ. ಹಗಲೆಲ್ಲ ಪಿಯು ಮಕ್ಕಳ ಮುಂದೆ ಬೆಂಜೀನ್ ಉಂಗುರ ಬಿಡಿಸಿ ಗಂಟಲು ಒಣಗಿಸಿಕೊಳ್ಳುವ ನಾನು, ಶನಿವಾರ ರಾತ್ರಿ ಅಡುಗೆಮನೆ ಕಟ್ಟೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತೆನೆಂದರೆ ಪ್ಲಟೂನ್ ಕಮಾಂಡರ್. ಮೂರು ಸೆಕ್ಷನ್, ಒಂದು ಮೆಷಿನ್‌ಗನ್, ಇಬ್ಬರು ಮೆಡಿಕ್. ಸಮವಸ್ತ್ರ: ನೈಟಿ, ಅದರ ಮೇಲೊಂದು ಸ್ವೆಟರ್.

ಆಟದ ಹೆಸರು ಆರ್ಮಾ 3. ಜೆಕ್ ದೇಶದ ಬೊಹೆಮಿಯಾ ಇಂಟರಾಕ್ಟಿವ್‌ನವರು 2013ರಲ್ಲಿ ಬಿಡುಗಡೆ ಮಾಡಿದ್ದು. ಇದನ್ನು ಆಡುತ್ತಿದ್ದವನು ನನ್ನ ಮಗ. ಅವನು ಎಂಜಿನಿಯರಿಂಗ್ ಓದಲು ಹಾಸ್ಟೆಲಿಗೆ ಹೋದ. ಕಂಪ್ಯೂಟರ್ ಇಲ್ಲೇ ಉಳಿಯಿತು. ಧೂಳು ಒರೆಸಲು ಹೋದವಳು ಕೂತೆ, ಕೂತವಳು ಏಳಲಿಲ್ಲ. ಕಂಡಕಂಡವರಿಗೆ ಗುಂಡು ಹಾರಿಸಿಕೊಂಡು ಓಡುವ ಆಟವಲ್ಲ ಇದು. ಮೂರು ಗಂಟೆಯ ಆಟದಲ್ಲಿ ಹೆಚ್ಚಿನ ಹೊತ್ತು ನಡೆಯುವುದೇ. ನಡೆದೂ ನಡೆದೂ ಗುಡ್ಡ ಹತ್ತಿದ ಮೇಲೆ ಎಲ್ಲಿಂದಲೋ ಒಂದು ಗುಂಡು ಬರುತ್ತದೆ, ಕಥೆ ಮುಗಿಯುತ್ತದೆ. ನಮ್ಮ ಗುಂಪಿನ ನಿಯಮದಲ್ಲಿ ಪುನರ್ಜನ್ಮವಿಲ್ಲ. ಸತ್ತವರೆಲ್ಲ ಒಂದು ಕಡೆ ಸೇರಿ, ಬದುಕಿರುವವರನ್ನು ಬೈಯುತ್ತ ಚಹಾ ಕುಡಿಯುತ್ತಾರೆ.

ಕಮಾಂಡರ್ ಪಟ್ಟ ಸಿಕ್ಕಿದ್ದು ಪರಾಕ್ರಮದಿಂದಲ್ಲ. ಶನಿವಾರದ ಪಟ್ಟಿ ಹಾಕಿದ ಕೂಡಲೇ ಸ್ನೈಪರ್ ಜಾಗ ಭರ್ತಿ. ಆಮೇಲೆ ಹೆಲಿಕಾಪ್ಟರ್, ಆಮೇಲೆ ಮೆಷಿನ್‌ಗನ್. ಮೆಡಿಕ್ ಜಾಗಕ್ಕೆ ಯಾರನ್ನಾದರೂ ಕಾಡಿ ಬೇಡಿ ಒಪ್ಪಿಸಬೇಕು. ಕಮಾಂಡರ್ ಜಾಗ ಮಾತ್ರ ಕೊನೆತನಕ ಖಾಲಿ. ಯಾಕೆಂದರೆ ಅವನಿಗೆ ಗುಂಡು ಹಾರಿಸಲು ಬಿಡುವೇ ಇರುವುದಿಲ್ಲ. ನಕಾಶೆ ನೋಡಬೇಕು, ಎಡಗಿವಿಯ ರೇಡಿಯೊದಲ್ಲಿ ಸೆಕ್ಷನ್‌ಗಳು, ಬಲಗಿವಿಯ ರೇಡಿಯೊದಲ್ಲಿ ಮೇಲಿನ ಕಂಪನಿ ಕಮಾಂಡರ್, ಇಬ್ಬರ ನಡುವೆ ಒಂದೇ ಸಮ ಮಾತಾಡಬೇಕು. ಕೇಳುವವರಿರಲಿ ಬಿಡಲಿ ಒಂದೇ ಸಮ ಮಾತಾಡುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತಿರುವಾಗ, ಈ ಕೆಲಸಕ್ಕೆ ನನಗಿಂತ ಅರ್ಹರು ಯಾರಿದ್ದಾರೆ?

ನಮ್ಮ ಯುದ್ಧವೆಲ್ಲ ಆಲ್ಟಿಸ್ ಎಂಬ ದ್ವೀಪದಲ್ಲಿ. ಗ್ರೀಸಿನ ಲೆಮ್ನೋಸ್ ದ್ವೀಪವನ್ನು ನೋಡಿ ಮಾಡಿದ್ದು, ಸುಮಾರು 270 ಚದರ ಕಿಲೋಮೀಟರ್. 2012ರಲ್ಲಿ ಆ ಲೆಮ್ನೋಸಿಗೆ ಹೋಗಿದ್ದ ಕಂಪನಿಯ ಇಬ್ಬರನ್ನು ಸೇನಾ ನೆಲೆಗಳ ಫೋಟೊ ತೆಗೆದರೆಂದು, ಬೇಹುಗಾರಿಕೆಯ ಆರೋಪ ಹೊರಿಸಿ ಗ್ರೀಸಿನವರು ಹಿಡಿದು ನಾಲ್ಕು ತಿಂಗಳು ಜೈಲಿನಲ್ಲಿಟ್ಟಿದ್ದರು. ರಜೆ ಕಳೆಯಲು ಹೋದವರು ಎಂದು ಕಂಪನಿ ಹೇಳಿತು. ನಮ್ಮ ಯಜಮಾನರು ಗೊಣಗಿದಾಗಲೆಲ್ಲ ಈ ಕಥೆ ಹೇಳಿ, ಈ ಆಟದಿಂದ ನಮ್ಮ ಮನೆಗೆ ಇನ್ನೂ ಪೊಲೀಸರು ಬಂದಿಲ್ಲವಲ್ಲ ಎಂದು ಸಮಾಧಾನ ಮಾಡುತ್ತೇನೆ. ತುಮಕೂರಿನ ಹೊಸ ಬಡಾವಣೆಗಳಲ್ಲಿ ನನಗೆ ದಾರಿ ತಪ್ಪುತ್ತದೆ. ಆಲ್ಟಿಸಿನಲ್ಲಿ ಕವಾಲಾದಿಂದ ಪಿರ್ಗೋಸ್‌ಗೆ ಕಣ್ಣು ಕಟ್ಟಿ ಬಿಟ್ಟರೂ ಹೋದೇನು.

ಈಗ ಅದೇ ಆಲ್ಟಿಸಿನ ಝಾರೋಸ್ ಗುಡ್ಡದ ರಾತ್ರಿಯ ಕಥೆ. ಕೆಳಗೆ ಊರು, ಊರಿನಲ್ಲಿ ಶತ್ರು. ಮೇಲೆ ನಾವು, ಹೊಟ್ಟೆಯ ಮೇಲೆ ಮಲಗಿ, ಹಸಿರು ಹಸಿರಾಗಿ ಕಾಣುವ ಕತ್ತಲ ಕನ್ನಡಕ ಹಾಕಿಕೊಂಡು. ಬಲಗಡೆಯ ದಿಬ್ಬದಿಂದ ಮೆಷಿನ್‌ಗನ್ ಶುರುವಾಗಬೇಕು, ಅದರ ಮರೆಯಲ್ಲಿ ಎರಡನೇ ಸೆಕ್ಷನ್ ಇಳಿಯಬೇಕು. ಉಸಿರೆತ್ತಬಾರದೆಂದು ಕಟ್ಟಪ್ಪಣೆ ಮಾಡಿದ್ದೆ. ಇನ್ನೇನು 'ಫೈರ್' ಅನ್ನಬೇಕು, ಎಡಗಿವಿಯಲ್ಲಿ ಕುಕ್ಕರ್ ಕೂಗಿತು.

ನಮ್ಮ ಮನೆಯದೇ ಅಂದುಕೊಂಡು ಹೆಡ್‌ಫೋನ್ ಎತ್ತಿದೆ. ಒಳಗೆ ಯಜಮಾನರ ಗೊರಕೆ ಬಿಟ್ಟರೆ ಸದ್ದಿಲ್ಲ. ಮತ್ತೆ ಹಾಕಿಕೊಂಡೆ. ಎರಡನೇ ವಿಷಲ್. ಯುದ್ಧ ಮರೆತು ಮೊದಲು ನನಗೆ ಬಂದ ಯೋಚನೆ, ರಾತ್ರಿ ಹತ್ತೂಕಾಲಿಗೆ ಬೇಳೆ ಬೇಯಲಿಡುವ ಮನೆ ಯಾವುದಪ್ಪ ಎಂದು.

ಆದದ್ದಿಷ್ಟು. ರೇಡಿಯೊಗೆ ಕ್ಯಾಪ್ಸ್ ಲಾಕ್ ಕೀಲಿ ಒತ್ತಿ ಹಿಡಿಯಬೇಕು, ಬಿಟ್ಟರೆ ಮಾತು ನಿಲ್ಲುತ್ತದೆ. ಯಾರೋ ಪುಣ್ಯಾತ್ಮ ಕೀಬೋರ್ಡಿನ ಮೇಲೆ ತಟ್ಟೆ ಇಟ್ಟಿದ್ದ. ಕೀಲಿ ಒತ್ತಿರುವ ತನಕ ಆ ಚಾನೆಲ್ಲಿನಲ್ಲಿ ಬೇರೆ ಯಾರೂ ಮಾತಾಡುವಂತಿಲ್ಲ, ಅವನಿಗೂ ನಮ್ಮ ಕೂಗು ಕೇಳಿಸುವುದಿಲ್ಲ. ನಾವು ಕೇಳಿಸಿಕೊಳ್ಳಬೇಕು, ಅಷ್ಟೆ.

"ಲೋ ಮಗ, ಮಳವಳ್ಳಿಯೋರು ಫೋನ್ ಮಾಡಿದ್ರು ಕಣ್ಲಾ. ಭಾನ್ವಾರ ಬತ್ತಾರಂತೆ."

"ಆಮೇಲೆ ಹೇಳವ್ವ, ಆಪರೇಶನ್ ನಡೀತೈತೆ."

"ಅಯ್ಯೋ, ಯಾರ್ಗ್ಲಾ ಆಪರೇಶನ್ನು?"

ಪಕ್ಕದಲ್ಲಿ ಮಲಗಿದ್ದ ಪುಣೆಯ ಮೆಡಿಕ್ ಪಿಸುದನಿಯಲ್ಲಿ ಕೇಳಿದ: "ಮೇಡಂ, ಏನು ನಡೀತಿದೆ?" ಹೆಣ್ಣು ನೋಡುವ ವಿಚಾರ ಎಂದೆ. ಅವನು ಮುಂದಿನವನಿಗೆ ಹೇಳಿದ, ಆ ಹೈದರಾಬಾದಿನವನು ಅವನ ಮುಂದಿನವನಿಗೆ. ರೇಡಿಯೊ ಇಲ್ಲದ ಕಾಲದ ಸೇನೆಯ ಹಾಗೆ ಸುದ್ದಿ ಬಾಯಿಂದ ಬಾಯಿಗೆ ಗುಡ್ಡದುದ್ದಕ್ಕೂ ಹಬ್ಬಿತು.

"ಹುಡ್ಗಿ ಎಂ.ಟೆಕ್ ಮಾಡವ್ಳೆ. ನಿನ್ಗಿಂತ ಒಂದ್ ಬೆಳ್ಳು ಎತ್ರ ಅವ್ಳೆ, ಅಷ್ಟೇಯ."

ಇಲ್ಲಿ ಪ್ಲಟೂನ್ ಎರಡಾಯಿತು. ಎತ್ತರವಾದರೇನು ಎಂಬುದು ಒಂದನೇ ಸೆಕ್ಷನ್‌ನ ಅಭಿಪ್ರಾಯ. ಮೂರನೇ ಸೆಕ್ಷನ್‌ನಿಂದ ಒಬ್ಬ, ಬಯಲಿನಲ್ಲಿ ಇನ್ನೂರು ಮೀಟರ್ ತೆವಳಿ, ಪ್ರಾಣದ ಹಂಗು ತೊರೆದು ನನ್ನ ಬಳಿ ಬಂದ. ಗಾಯಾಳುಗಳೇನಾದರೂ ಇದ್ದಾರೋ ಎಂದು ಎದೆ ಧಸಕ್ಕೆಂದಿತು. "ಮೇಡಂ, ಹುಡುಗಿಗೆ ಕೆಲಸ ಇದೆಯಂತಾ ಅಂತ ನಮ್ಮ ಸೆಕ್ಷನ್ ಕಮಾಂಡರ್ ಕೇಳ್ತಿದಾರೆ." ಬಲಗಿವಿಯಲ್ಲಿ ಕಂಪನಿ ಕಮಾಂಡರ್ ಸಿಡುಕಿದರು, ದಾಳಿ ಯಾಕೆ ಶುರುವಾಗಲಿಲ್ಲ? 'ವೇಯ್ಟ್, ಔಟ್' ಎಂದು ಬಾಯಿ ಮುಚ್ಚಿಸಿದೆ. ಶತ್ರುಗಳನ್ನು ಮೇಲಿನಿಂದ ಆಡಿಸುವವನೊಬ್ಬನಿರುತ್ತಾನೆ, ಝ್ಯೂಸ್ ಎನ್ನುತ್ತಾರೆ. ಅವನು ಬೆಂಗಳೂರಿನ ಹುಡುಗ, ಕನ್ನಡ ಬಲ್ಲವನು. ಕೆಳಗೆ ರಸ್ತೆಯಲ್ಲಿ ಬರುತ್ತಿದ್ದ ಶತ್ರುಗಳ ಜೀಪು ತಟ್ಟನೆ ನಿಂತಿತು. ದೀಪ ಆರಿತು. ಅವರೂ ಕೇಳುತ್ತಿದ್ದರು.

"ಹುಡ್ಗ ಏನ್ ಮಾಡ್ತಾನೆ ಅಂತ ಕೇಳುದ್ರೆ ಏನ್ಲಾ ಹೇಳ್ಳಿ? ರಾತ್ರಿಯೆಲ್ಲ ಮಿಶಿನ್‌ಗನ್ನು ಹೊಡೀತಾನೆ ಅನ್ಲಾ?"

ಆಗ ಗೊತ್ತಾಯಿತು, ಇದು ನಮ್ಮ ಮೆಷಿನ್‌ಗನ್ನೇ. ಯಾರ ಆಸರೆಯಲ್ಲಿ ಇಡೀ ದಾಳಿ ನಿಂತಿತ್ತೋ ಅವನು ಬಲಗಡೆಯ ದಿಬ್ಬದ ಮೇಲೆ ಎತ್ತರದ ಹುಡುಗಿಯ ಬಗ್ಗೆ ಗೊಂದಲದಲ್ಲಿದ್ದಾನೆ.

"ಅದಿರ್ಲಿ, ಆ ಸ್ಪೀಕರ್‌ನಾಗೆ ಯಾವಾಗ್ಲೂ ಕೂಗಾಡ್ತಳಲ್ಲ, ಯಾರ್ಲಾ ಅವ್ಳು ಮೇಡಮ್ಮು? ಮದ್ವೆ ಆಗೈತಾ?"

"ಅವ್ವಾ! ಅವ್ರು ನಿನ್ ವಯಸ್ನೋರು!"

"ವಯಸ್ಸಾದೋಳಿಗೆ ಮನೇಲಿ ಕೇಮೆ ಇಲ್ವಂತಾ?"

"ಮೇಡಂ, ಈಗೇನಂದರು?" ಪುಣೆಯವನು ಕೇಳಿದ. ಸಿಗ್ನಲ್ ಸರಿಯಿಲ್ಲ ಎಂದೆ.

ತಟ್ಟೆ ಎತ್ತಿದ ಸದ್ದು. ಒಂದು ಗಳಿಗೆ ಬಿಟ್ಟು ಅದೇ ದನಿ, ಏನೂ ಅರಿಯದ ಮುಗ್ಧನಾಗಿ: "ಮೇಡಂ, ಗನ್ ರೆಡಿ, ಓವರ್." ಆಮೇಲೆ ಆಜ್ಞೆ ಕೊಡಲು ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ನಗುತ್ತಲೇ ಇಳಿದೆವು. ಎರಡನೇ ಸೆಕ್ಷನ್ ಮೂರನೆಯದರ ಮೇಲೆ ಗುಂಡು ಹಾರಿಸಿತು, ನಮ್ಮ ಲಾರಿ ಕಲ್ಲೊಂದನ್ನು ತಾಗಿ ಈ ಆಟದ ವಾಡಿಕೆಯಂತೆ ಆಕಾಶಕ್ಕೆ ಹಾರಿತು, ಮೆಡಿಕ್‌ಗಳು ಮೊದಲೇ ಸತ್ತರು. ಝಾರೋಸನ್ನು ಗೆದ್ದವರು ನಾಲ್ಕೇ ಜನ. ನಾನು ಆ ಹೊತ್ತಿಗೆ ಸತ್ತವರ ಕೋಣೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದೆ.

2025ರ ಮೇ ತಿಂಗಳಲ್ಲಿ ಮಾತ್ರ ಈ ಆಟ ನನಗೆ ರುಚಿಸಲಿಲ್ಲ. ಗಡಿಯಲ್ಲಿ ನಿಜವಾದ ಗುಂಡು ಹಾರುತ್ತಿದ್ದಾಗ ಬಂಧುಗಳ ವಾಟ್ಸಾಪ್ ಗುಂಪಿಗೊಂದು ವಿಡಿಯೊ ಬಂತು. ಕತ್ತಲು, ಸಾಲು ಸಾಲಾಗಿ ಮೇಲೇರುವ ಬೆಂಕಿಯ ಚುಕ್ಕೆಗಳು, ಉರಿದು ಬೀಳುವ ವಿಮಾನ. ಕೆಳಗೆ ಜೈಕಾರಗಳು. ನನಗೆ ನೋಡಿದ ಕೂಡಲೇ ಗೊತ್ತಾಯಿತು, ಇದು ನಾನು ಶನಿವಾರ ಓಡಾಡುವ ಆಕಾಶ. ಉಕ್ರೇನ್ ಯುದ್ಧದ ಹೊತ್ತಿನಲ್ಲಿ ಇಂಥದ್ದೇ ನಡೆದು, 2022ರಲ್ಲಿ ಕಂಪನಿಯವರೇ ನಮ್ಮ ಆಟವನ್ನು ಗುರುತಿಸುವುದು ಹೀಗೆ ಎಂದು ಹೇಳಿದ್ದರು: ಕತ್ತಲು, ಅಲುಗಾಡುವ ಮಸುಕು ಚಿತ್ರ, ಶಬ್ದವಿಲ್ಲ, ಓಡಾಡುವ ಮನುಷ್ಯರಿಲ್ಲ. ಅದನ್ನೇ ಗುಂಪಿನಲ್ಲಿ ಬರೆದೆ. ಸೋಫಾ ಬಿಟ್ಟು ಏಳದ ದೊಡ್ಡವರೊಬ್ಬರು, ಹೆಂಗಸರಿಗೆ ಯುದ್ಧದ ವಿಷಯ ಯಾಕೆ ಎಂದರು. ಒಂದು ಪ್ಲಟೂನನ್ನೇ ಕಳಿಸಿಬಿಡೋಣ ಅನ್ನಿಸಿತು.

ಹಿಂದಿನ ಬೀದಿಯ ಶಾರದಕ್ಕನ ಮಗ ಆಗ ಜಮ್ಮುವಿನ ಕಡೆ ಇದ್ದ. ಅವರಿಗೂ ಅದೇ ವಿಡಿಯೊ ಬಂದಿತ್ತು, ನಾಲ್ಕು ಕಡೆಯಿಂದ. ಅದನ್ನೇ ಮತ್ತೆ ಮತ್ತೆ ಹಾಕಿ ನೋಡುತ್ತ ಕೂತಿದ್ದರು. ಮನೆಗೆ ಕರೆತಂದು ಕಂಪ್ಯೂಟರಿನಲ್ಲಿ ಅಂಥದ್ದೇ ಆಕಾಶ ತೋರಿಸಿದೆ. ಬಹಳ ಹೊತ್ತು ನೋಡಿ, "ಇದು ಸುಳ್ಳು ಅಂತ ಗೊತ್ತಾಯ್ತು ಕಣಮ್ಮ. ನಿಜವಾದ್ದು ಎಲ್ಲಿ ನೋಡ್ಲಿ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಶನಿವಾರ ನಮ್ಮ ಗುಂಪಿನಲ್ಲಿ ಯಾರೂ ಪಟ್ಟಿ ಹಾಕಲಿಲ್ಲ. ಬೇಡ ಎಂದು ಯಾರೂ ಹೇಳಿಯೂ ಇರಲಿಲ್ಲ.

ಶಾರದಕ್ಕನ ಮಗ ಮುಂದಿನ ತಿಂಗಳು ರಜೆಗೆ ಬಂದು, ನನ್ನ ಆಟವನ್ನು ಹತ್ತು ನಿಮಿಷ ನೋಡಿ, "ಆಂಟಿ, ನಿಮ್ಮೋರು ಸೆಂಟ್ರಿಗೆ ಯಾರನ್ನೂ ನಿಲ್ಸೇ ಇಲ್ವಲ್ಲ" ಎಂದು ಹೇಳಿ, ಕೋಡುಬಳೆ ತಿಂದು ಹೋದ. ಅಂದಿನಿಂದ ನಿಲ್ಲಿಸುತ್ತೇನೆ.

ಮಳವಳ್ಳಿಯ ಮಾತುಕತೆ ಮುಂದುವರಿಯಿತು. ಒಂದು ಬೆರಳಿನ ಎತ್ತರಕ್ಕೆ ಯಾರ ತಕರಾರೂ ಬರಲಿಲ್ಲ. ನಿಶ್ಚಿತಾರ್ಥಕ್ಕೆ ಹುಡುಗನ ತಾಯಿಯೇ ಫೋನ್ ಮಾಡಿ, "ನೀವು ಬರ್ಲೇಬೇಕು ಮೇಡಮ್ಮು" ಎಂದು ಕರೆದರು. ಕೇಮೆಯ ವಿಷಯ ಇಬ್ಬರೂ ಎತ್ತಲಿಲ್ಲ. ರೇಷ್ಮೆ ಸೀರೆ ಉಟ್ಟು ಹೋದೆ. ಊಟದ ಪಂಕ್ತಿಯಲ್ಲಿ ಹುಡುಗಿಯ ತಂದೆ ಪಕ್ಕಕ್ಕೆ ಬಂದು ಕೂತರು.

"ಹುಡುಗ ನಿಮಗೆ ಹೇಗೆ ಪರಿಚಯ?"

"ನನ್ನ ಕೈಕೆಳಗೆ ಇದ್ದಾನೆ."

"ಹೌದಾ? ಪರ್ಮನೆಂಟಾ?"